ಬಾಡಿಗೆ, ಲೀಸ್, ಹೋಂಸ್ಟೇ: ಬೀದರಿನ ನಮ್ಮ ಹಳೆ ಮನೆಯಲ್ಲಿ ಮೂರನ್ನೂ ಮಾಡಿ ನೋಡಿದೆವು

ಬೀದರಿನ ಹಳೆ ಊರಿನಲ್ಲಿ, ಮಹಮೂದ್ ಗಾವಾನ್ ಮದರಸಾಕ್ಕೆ ಕೂಗಳತೆ ದೂರದಲ್ಲಿ ನಮ್ಮ ಅಜ್ಜನ ಮನೆ ಇದೆ. ಬೀದರಿನ ಕೆಂಪು ಕಲ್ಲಿನ ಎರಡಡಿ ದಪ್ಪದ ಗೋಡೆ, ಅದರ ಮೇಲೆ ಸುಣ್ಣದ ಗಾರೆ. ನಡುವೆ ಅಂಗಳ, ಸುತ್ತ ಪಡಸಾಲೆ, ತೇಗದ ಕಂಬ, ಮೇಲೆ ಜಂತಿ ಹಾಕಿದ ಮಣ್ಣಿನ ಮಾಳಿಗೆ. ಹಿಂದಿನ ಎರಡು ಕೋಣೆಗಳಲ್ಲಿ ಅಣ್ಣನ ಸಂಸಾರ. ಮುಂದಿನ ಭಾಗ ಅಜ್ಜಿ ತೀರಿಕೊಂಡ ಮೇಲೆ ಖಾಲಿ ಬಿತ್ತು. ಖಾಲಿ ಮನೆಗೆ ಮೊದಲು ಪಾರಿವಾಳ ಬರುತ್ತದೆ, ಆಮೇಲೆ ಗೆದ್ದಲು, ಆಮೇಲೆ "ಕೆಡವಿ ಕಾಂಪ್ಲೆಕ್ಸ್ ಕಟ್ಟಸ್ರಿ" ಅನ್ನುವ ನೆಂಟರು.

ಕಾಂಪ್ಲೆಕ್ಸ್ ಮಾತು ಅಷ್ಟು ಸುಲಭದ್ದಲ್ಲ. ಮದರಸಾ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕ. 2010ರ ಕಾನೂನು ತಿದ್ದುಪಡಿ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅಲ್ಲಿಂದಾಚೆ ಇನ್ನೂ 200 ಮೀಟರ್ ತನಕ ಅನುಮತಿ ತಗೊಂಡೇ ಕಟ್ಟಬೇಕು. ನಾವು ಈ ಎರಡನೇ ಪಟ್ಟಿಯಲ್ಲಿ ಬರುತ್ತೇವೆ. ಅದೂ ಅಲ್ಲದೆ ಆ ಕಂಬಗಳನ್ನು ಕೆಡವಲು ನನಗಾಗಲಿ ಅಣ್ಣನಿಗಾಗಲಿ ಮನಸ್ಸಿರಲಿಲ್ಲ. ಹಾಗಾದರೆ ಮನೆಯೇ ದುಡಿದು ತನ್ನ ಖರ್ಚು ನೋಡಿಕೊಳ್ಳಲಿ ಅಂದುಕೊಂಡೆವು. ಆರು ವರ್ಷದಲ್ಲಿ ಮೂರು ದಾರಿ ಹಿಡಿದೆವು.

ಮೊದಲು ತಿಂಗಳ ಬಾಡಿಗೆ. ₹7,000. ಎರಡು ವರ್ಷ. ಬಂದವರು ಒಳ್ಳೆಯವರೇ, ದುಡ್ಡು ಒಂದನೇ ತಾರೀಖಿಗೆ ಕೈ ಸೇರುತ್ತಿತ್ತು. ನಮಗೇನೂ ಕೆಲಸ ಇರಲಿಲ್ಲ, ಅದೇ ತಪ್ಪಾಯಿತು. ಗಾರೆ ಗೋಡೆ ಬಟ್ಟೆಗೆ ಹತ್ತುತ್ತದೆ ಅಂತ ಅವರು ಪಡಸಾಲೆಗೆಲ್ಲ ಆಯಿಲ್ ಪೇಂಟ್ ಬಳಿಸಿದರು. ಚೆನ್ನಾಗಿ ಇಟ್ಟುಕೊಳ್ಳಬೇಕು ಅಂತಲೇ ಮಾಡಿದ್ದು, ಬೈಯುವ ಹಾಗೂ ಇಲ್ಲ. ಎರಡನೇ ಮಳೆಗಾಲಕ್ಕೆ ಪೇಂಟ್ ಹಪ್ಪಳದ ಹಾಗೆ ಉಬ್ಬಿತು. ಉಗುರಲ್ಲಿ ಕೆರೆದರೆ ಒಳಗೆ ಒದ್ದೆ ಸುಣ್ಣ, ಬಿಳಿ ಉಪ್ಪು, ಪುಡಿಪುಡಿ. ಮಾಳಿಗೆ ಹತ್ತಿ ನೋಡಿದ್ರಾ ಅಂತ ಕೇಳಿದರೆ, "ಅದು ಮಾಲಕರ ಕೆಲಸ ಅಲ್ಲೇನ್ರಿ?" ಅಂದರು. ನಿಜವೇ.

ಆಮೇಲೆ ಲೀಸ್. ಹಳೆ ಮನೆಗಳನ್ನು ಹೋಟೆಲ್ ಮಾಡುವ ಒಂದು ಕಂಪನಿ ಬಂತು, ಹೆಸರು ಬೇಡ. ಅವರ ಹುಡುಗ ಲ್ಯಾಪ್‌ಟಾಪಿನಲ್ಲಿ ರಾಜಸ್ಥಾನದ ನೀಮ್ರಾಣಾ ಕೋಟೆಯ ಫೋಟೋ ತೋರಿಸಿದ. ಪಾಳು ಬಿದ್ದಿದ್ದ ಆ ಕೋಟೆಯನ್ನು 1986ರಲ್ಲಿ ಕೊಂಡು, ರಿಪೇರಿ ಮಾಡಿ, 1991ರಲ್ಲಿ ಹೋಟೆಲ್ ಆಗಿ ತೆರೆದರು ಅನ್ನುವ ಕಥೆ. ಕಥೆ ನಿಜವೇ. ಆದರೆ ಕೊಂಡಿದ್ದಕ್ಕೂ ತೆರೆದದ್ದಕ್ಕೂ ನಡುವೆ ಐದು ವರ್ಷ ಇದೆಯಲ್ಲ, ಅದನ್ನು ನಾವು ಆವತ್ತು ಲೆಕ್ಕಕ್ಕೆ ತಗೊಳ್ಳಲಿಲ್ಲ. ನಮ್ಮ ಕಂಪನಿಗೆ ದಸರಾ ಒಳಗೆ ಮುಗಿಯಬೇಕಿತ್ತು. ತಿಂಗಳಿಗೆ ₹25,000 ಕೊಡುತ್ತೇವೆ ಅಂದರು. ಮೊದಲು 11 ತಿಂಗಳು ನೋಡೋಣ ಅಂತ ಕರಾರು ಬರೆದೆವು. ದೇವರು ದೊಡ್ಡವನು, 11ಕ್ಕೇ ಬರೆದೆವು.

ಅವರು ಬಂದವರೇ ಕೋಣೆಗೊಂದು ಬಚ್ಚಲು ಬೇಕು ಅಂದರು. ಹೋಟೆಲ್ ಅಂದಮೇಲೆ ಬೇಕಲ್ವಾ. ಪೈಪು ಎಲ್ಲಿ ಹಾಕುವುದು? ದೇವರ ಕೋಣೆ ಪಕ್ಕದ ದೀಪದ ಗೂಡು ಒಡೆದು ಅದರೊಳಗಿಂದ ತೂರಿಸಿದರು. ಮೇಲೆ ಸೋರಬಾರದು ಅಂತ ಮಣ್ಣಿನ ಮಾಳಿಗೆ ಮೇಲೆ ಮೂರು ಇಂಚು ಕಾಂಕ್ರೀಟ್ ಸುರಿದರು. ಮಣ್ಣು ತೆಗೆದು ಸುರಿದಿದ್ದರೆ ಒಂದು ಮಾತು. ಮಣ್ಣಿನ ಮೇಲೇ ಸುರಿದರು. ಅಷ್ಟು ಭಾರ ಜಂತಿ ಎಲ್ಲಿ ತಡೆಯಬೇಕು? ಪಡಸಾಲೆಯ ಎರಡನೇ ಅಂಕಣದ ತೊಲೆ ನಡುವಿನಲ್ಲಿ ಬಾಗಿತು. ದಾರ ಹಿಡಿದು ಅಳೆದೆ, ಎರಡು ಬೆರಳು.

ಕೊನೆಗೆ ನಮ್ಮ ಕಡೆಯ ಹಳೆ ಗಾರೆ ಉಸ್ತಾದರನ್ನು ಕರೆಸಿದೆವು. ಅವರು ಗೋಡೆ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ನೆ ನಿಂತರು. "ತಮ್ಮಾ, ಈ ಗ್ವಾಡಿಗಿ ಸಿಮೆಂಟ್ ಹಚ್ಚೋದಂದ್ರ ಬ್ಯಾಸಿಗ್ಯಾಗ ರೇನ್‌ಕೋಟ್ ಹಾಕ್ಕೊಂಡು ತಿರುಗಿದಂಗ. ಹೊರಗಿನ ನೀರು ಬರಂಗಿಲ್ಲ ಖರೆ, ಒಳಗಿನ ಬೆವರು ಎಲ್ಲಿಗಿ ಹೋಗಬೇಕು?" ಅಂದರು.

ಕಾಂಕ್ರೀಟ್ ಒಡೆದು ತೆಗೆಯಲು, ತೊಲೆ ಬದಲಿಸಲು, ಗಾರೆ ಮತ್ತೆ ಹಾಕಲು ಲೀಸಿನಲ್ಲಿ ಬಂದ ದುಡ್ಡು ಪೂರ್ತಿ ಹೋಯಿತು. ಸಾಲದ್ದಕ್ಕೆ ನಾನು, ಅಣ್ಣ ಇಬ್ಬರೂ ಕೈಯಿಂದ ಹಾಕಿದೆವು. ಸುಣ್ಣ ನೆನೆಹಾಕಿ ವಾರಗಟ್ಟಲೆ ಕಾದೆವು. ಅಂಗಳದ ತುಂಬ ಗಾರೆಗೆ ಬೆರೆಸುವ ಬೆಲ್ಲದ ನೀರಿನ ವಾಸನೆ, ಇರುವೆ. ಅತ್ತಿಗೆ ಆ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆಗ ಓದಿ ತಿಳಿದದ್ದು ಇಂಗ್ಲೆಂಡಿನ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಬಗ್ಗೆ. ಜಾನ್ ಸ್ಮಿತ್ ಮತ್ತು ಅವರ ಪತ್ನಿ ಕ್ರಿಶ್ಚಿಯನ್ ಸ್ಮಿತ್ 1965ರಲ್ಲಿ ಶುರು ಮಾಡಿದ್ದು. ಹಾಳುಬೀಳುತ್ತಿರುವ ಹಳೆ ಕಟ್ಟಡ ತಗೊಂಡು ಸರಿ ಮಾಡಿ, ರಜೆಗೆ ಬರುವವರಿಗೆ ಇಡೀ ಕಟ್ಟಡವನ್ನೇ ಬಾಡಿಗೆಗೆ ಕೊಡುತ್ತಾರೆ. ಈಗ ಸುಮಾರು 200 ಕಟ್ಟಡ ಇವೆ. ನನಗೆ ಬೇಕಾಗಿದ್ದ ಗುಟ್ಟು ಅವರ ಲೆಕ್ಕದಲ್ಲಿತ್ತು. ಮೊದಲ ದೊಡ್ಡ ರಿಪೇರಿಗೆ ದೇಣಿಗೆ, ಅನುದಾನ ಎತ್ತುತ್ತಾರೆ. ಬಾಡಿಗೆ ದುಡ್ಡು ಆಮೇಲಿನ ವರ್ಷ ವರ್ಷದ ಆರೈಕೆಗೆ. ನಾವು ಬಾಡಿಗೆಯಿಂದಲೇ ತೊಲೆಯೂ ಬರಲಿ ಅಂತ ಕೂತಿದ್ದೆವು!

ಹಾಗೆ ನೋಡಿದರೆ ನಮ್ಮ ಕಡೆಗೆ ಇದು ಹೊಸದಲ್ಲ. ಸುರಪುರದ ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1840ರ ದಶಕದಲ್ಲಿ ಕಟ್ಟಿಸಿದ ಟೇಲರ್ ಮಂಜಿಲ್ ಅತಿಥಿಗೃಹವಾಗಿ ಬಳಕೆಯಲ್ಲಿ ಉಳಿಯಿತು. ಯಾರಾದರೂ ಬಂದು ಮಲಗುವ ಮನೆ ಅಂದಮೇಲೆ ಬಾಗಿಲು ತೆಗೆಯಲೇಬೇಕು, ಗುಡಿಸಲೇಬೇಕು.

ಮೂರನೆಯದು ಹೋಂಸ್ಟೇ. ಅಣ್ಣನ ಸಂಸಾರ ಅಲ್ಲೇ ಇರುವುದು ಅನುಕೂಲವಾಯಿತು. ಕೇಂದ್ರ ಸರ್ಕಾರದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲಿ ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು, ಆರು ಕೋಣೆಗಿಂತ ಜಾಸ್ತಿ ಕೊಡುವಂತಿಲ್ಲ. ನಮ್ಮದು ಎರಡೇ ಕೋಣೆ ಮತ್ತು ಪಡಸಾಲೆ. ಒಂದು ಸಲಕ್ಕೆ ಒಂದೇ ಕುಟುಂಬ. ಬಚ್ಚಲು ಒಂದೇ, ಅಂಗಳದ ಆಚೆ, ಹೊಸದಾಗಿ ಕಟ್ಟಿದ್ದು. ರಾತ್ರಿ ಎದ್ದು ಅಂಗಳ ದಾಟಬೇಕು ಅಂತ ಮೊದಲೇ ಫೋನಿನಲ್ಲಿ ಹೇಳುತ್ತೇವೆ. ಅರ್ಧ ಜನ ಅಲ್ಲೇ ಫೋನ್ ಇಡುತ್ತಾರೆ. ಇಡಲಿ. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಕಳಿಸಬೇಕು, ಅಣ್ಣನ ಮಗಳು ಅದನ್ನು ಮೊಬೈಲಿನಲ್ಲೇ ಮಾಡುತ್ತಾಳೆ.

ಬರುವವರು ಹೆಚ್ಚಾಗಿ ಹೈದರಾಬಾದಿನವರು. ಶನಿವಾರ ಬಂದು ಕೋಟೆ, ಅಷ್ಟೂರಿನ ಗೋರಿಗಳು, ಬಿದರಿ ಅಂಗಡಿ ಸುತ್ತಿ ಭಾನುವಾರ ವಾಪಸ್. ಒಬ್ಬರು ಕೋಟೆಯೊಳಗಿನ ರಂಗೀನ್ ಮಹಲಿನ ಮರದ ಕೆತ್ತನೆ ನೋಡಿ ಬಂದವರು ಸಂಜೆ ನಮ್ಮ ಸಾದಾ ತೇಗದ ಕಂಬವನ್ನೂ ಸವರುತ್ತ ಕೂತಿದ್ದರು. ಬೇಸಿಗೆಯಲ್ಲಿ ಯಾರೂ ಬರುವುದಿಲ್ಲ. ಹೊರಗೆ 41 ಡಿಗ್ರಿ ಇದ್ದಾಗಲೂ ಪಡಸಾಲೆಯಲ್ಲಿ ಫ್ಯಾನಿನಲ್ಲೇ ನಿದ್ದೆ ಬರುತ್ತದೆ ಅಂದರೆ ನಂಬಬೇಕಲ್ಲ.

ದುಡ್ಡಿನ ಮಾತು. ಮೊದಲ ವರ್ಷ 61 ರಾತ್ರಿ, ರಾತ್ರಿಗೆ ₹3,500. ಎರಡು ಲಕ್ಷ ದಾಟಿತು ಅಂತ ಖುಷಿಪಟ್ಟೆವು. ಊಟ, ಹಾಸಿಗೆ ಬಟ್ಟೆ, ಆ್ಯಪಿನ ಕಮಿಷನ್, ಅಡಿಗೆ ಮಾಡುವ ಮಾವಶಿಗೆ ಸಂಬಳ, ಕರೆಂಟು ಎಲ್ಲ ಕಳೆದ ಮೇಲೆ ಕೈಯಲ್ಲಿ ಉಳಿದದ್ದು ₹90,000ದ ಆಸುಪಾಸು. ಅಂದರೆ ಏನೂ ಮಾಡದೆ ಬರುತ್ತಿದ್ದ ಬಾಡಿಗೆ ₹84,000ಕ್ಕಿಂತ ಆರು ಸಾವಿರ ಜಾಸ್ತಿ, ಅಷ್ಟೆ. ಭಾನುವಾರಗಳು ಹೋದವು. ಅತ್ತಿಗೆ ಅದನ್ನು ನೆನಪಿಸುತ್ತಲೇ ಇರುತ್ತಾರೆ. ಬರೀ ದುಡ್ಡು ಬೇಕು ಅನ್ನುವವರು ಬಾಡಿಗೆಗೇ ಕೊಡಿ, ಆದರೆ ಪೇಂಟ್ ವಿಷಯ ಕರಾರಿನಲ್ಲಿ ಬರೆಸಿ.

ಆದರೂ ನಾನು ಹೋಂಸ್ಟೇ ಪಕ್ಷ. ಕಾರಣ ಮಾಳಿಗೆ. ಮಿರಗದ (ಮೃಗಶಿರಾ) ಮಳೆಗೆ ಮೊದಲು ಯಾರೋ ಒಬ್ಬರು ಮೇಲೆ ಹತ್ತಿ, ಬಿರುಕಿಗೆ ಮಣ್ಣು ಹಾಕಿ ಬಡಿಯಬೇಕು, ಮಳೆನೀರು ಹೊರಗೆ ಹೋಗುವ ದೋಣಿ ಕಟ್ಟಿಕೊಂಡಿದೆಯಾ ನೋಡಬೇಕು. ಬಾಡಿಗೆಯವರು ಹತ್ತಲಿಲ್ಲ. ಕಂಪನಿಯವರು ಹತ್ತಿ ಕಾಂಕ್ರೀಟ್ ಸುರಿದರು. ಈಗ ಜೂನ್ ಬುಕಿಂಗ್ ಬಂತು ಅಂದರೆ ನಾವೇ ಹತ್ತುತ್ತೇವೆ. ದುಡ್ಡು ಕೊಟ್ಟು ಮಲಗಿದವರ ಮುಖದ ಮೇಲೆ ನೀರು ತೊಟ್ಟಿಕ್ಕಿದರೆ ಮಾನ ಹೋಗುತ್ತದಲ್ಲ.

ಆ ಲ್ಯಾಂಡ್‌ಮಾರ್ಕ್ ಟ್ರಸ್ಟಿನವರು ಮನೆಗಳಲ್ಲಿ ಟಿವಿ ಇಡುವುದಿಲ್ಲ, ಬಂದವರು ಬರೆಯಲು ಒಂದು ಪುಸ್ತಕ ಇಡುತ್ತಾರೆ. ಟಿವಿ ವಿಷಯದಲ್ಲಿ ನಾವು ಐಪಿಎಲ್‌ಗೆ ಸೋತೆವು. ಪುಸ್ತಕ ಮಾತ್ರ ಇಟ್ಟೆವು, ಕೆಂಪು ಬಟ್ಟೆ ಸುತ್ತಿದ ಅಂಗಡಿ ಖಾತೆ ಪುಸ್ತಕ. ರೊಟ್ಟಿ ಚೆನ್ನಾಗಿತ್ತು, ಬಚ್ಚಲು ದೂರ ಅಂತ ತೆಲುಗು, ಉರ್ದು, ಕನ್ನಡದಲ್ಲಿ ಬರೆದಿರುತ್ತಾರೆ. ಹೋದ ವಾರ ಒಂದು ಹುಡುಗಿ ಪೆನ್ಸಿಲಿನಲ್ಲಿ ಬರೆದಿದ್ದಳು: "ರಾತ್ರಿ ಬಾಗಿಲ ಹತ್ತಿರದ ಕಂಬದ ಮೇಲಿಂದ ಮಣ್ಣು ಬಿತ್ತು, ನಾವು ಬೀಳಿಸಿದ್ದಲ್ಲ." ಏಣಿ ಹಾಕಿ ಟಾರ್ಚ್ ಬಿಟ್ಟೆ. ಜಂತಿ ಸಂದಿಯಲ್ಲಿ ಹಸಿ ಗೆದ್ದಲ ಗೆರೆ, ಗೇಣುದ್ದ. ಉಸ್ತಾದರು ಈ ಭಾನುವಾರ ಬರುತ್ತಾರೆ. ಆ ದಿನದ ಬುಕಿಂಗ್ ರದ್ದು ಮಾಡಿದ್ದೇವೆ.