ಹಳೇ ಬ್ಯಾಟರಿ ವಾಲ್ವ್ ರೇಡಿಯೋ ಕೊಳ್ಳುವವರೇ, ಹಿಂದಿನ ಮುಚ್ಚಳ ತೆಗೆಸದೆ ದುಡ್ಡು ಕೊಡಬೇಡಿ

ಕರೆಂಟ್ ಇಲ್ಲದ ಊರುಗಳಿಗೆಂದೇ ಮಾಡುತ್ತಿದ್ದ ಹಳೇ ಬ್ಯಾಟರಿ ರೇಡಿಯೋ ಹುಡುಕುತ್ತಿದ್ದೀರಾ? ದಯವಿಟ್ಟು ಇದನ್ನು ಓದಿ. ನನಗೆ 9,000 ರೂಪಾಯಿ ಪಂಗನಾಮ ಬಿದ್ದಿದೆ. ಅದೂ ಅಪ್ಪನ ಎದುರಿಗೆ.

ಅಪ್ಪನ ಹಳೇ ಮನೆಯಲ್ಲಿ ಇಂಥದ್ದೇ ಸೆಟ್ ಇತ್ತು. ಇಟ್ಟಿಗೆಯಷ್ಟು ದೊಡ್ಡ 90 ವೋಲ್ಟ್ ಬ್ಯಾಟರಿ, ಅದು ಮುಗಿದರೆ ಪೇಟೆಯಿಂದ ತರುವವರೆಗೆ ವಾರ್ತೆ ಇಲ್ಲ, ಹಾಡಿಲ್ಲ. ಮಾರುವವನು ವಿಡಿಯೋ ಕಳಿಸಿದ. ಹಾಡು ಬರುತ್ತಿದೆ, ಒಳಗೆ ನಾಲ್ಕೂ ವಾಲ್ವ್ (ರೇಡಿಯೋ ನಡೆಸುವ ಗಾಜಿನ ಕೊಳವೆಗಳು) ಕೆಂಪಗೆ ಹೊಳೆಯುತ್ತಿವೆ. "ಫುಲ್ ಒರಿಜಿನಲ್ ಸರ್, ಬ್ಯಾಟರಿ ಒಳಗೇ ಫಿಟ್ ಮಾಡಿದ್ದೀನಿ, ವಾಲ್ವ್ ಬಿಸಿಯಾಗೋಕೆ ಅರ್ಧ ನಿಮಿಷ ಬೇಕು ಅಷ್ಟೆ" ಅಂದ.

ಪಾರ್ಸೆಲ್ ಬಂತು. ಅಪ್ಪ ಸ್ವಿಚ್ ಹಾಕಿದರು, ಹಾಡು ಬಂತು. ಧಾರವಾಡ ಆಕಾಶವಾಣಿ ಹಿಡಿಯೋಣ ಅಂತ ಮುಳ್ಳನ್ನು 765 ಕಿಲೋಹರ್ಟ್ಸ್ ಕಡೆ ತಿರುಗಿಸಿದರು. ಮುಳ್ಳು ಈ ತುದಿಯಿಂದ ಆ ತುದಿಗೆ ಹೋಯಿತು, ಹಾಡು ಮಾತ್ರ ಅದೇ! ಮತ್ತೆ ತಿರುಗಿಸಿದರು. ಅದೇ ಹಾಡು. "ಇದು ಮೊಬೈಲ್ ಹಾಡಿದ ಹಾಗಿದೆಯಲ್ಲೋ" ಅಂದರು. ಆಗ ನನ್ನ ಮುಖ ಎಲ್ಲಿಡಲಿ?

ಹಿಂದಿನ ಸ್ಕ್ರೂ ಬಿಚ್ಚಿದೆ. ಸ್ಪೀಕರ್ ಹಿಂದೆ ಒಂದು ಎಫ್‌ಎಂ ಬೋರ್ಡು, ಮೊಬೈಲ್ ಬ್ಯಾಟರಿ. ಒಂದೊಂದು ವಾಲ್ವಿನ ಬುಡಕ್ಕೂ ಗ್ಲೂ ಗನ್ನಿನಲ್ಲಿ ಅಂಟಿಸಿದ ಕೆಂಪು ಎಲ್‌ಇಡಿ. ಟ್ಯೂನಿಂಗ್ ವೈರೆಲ್ಲ ಕಟ್. ವಾಲ್ವ್ ಕಿತ್ತು 1 ಮತ್ತು 7ನೇ ಪಿನ್ನಿಗೆ ಮೀಟರ್ ಇಟ್ಟೆ, ನಾಲ್ಕರದ್ದೂ ಫಿಲಮೆಂಟ್ (ಒಳಗೆ ಕಾಯುವ ಸಣ್ಣ ತಂತಿ) ಹೋಗಿದೆ.

ಫೋನ್ ಮಾಡಿದರೆ, "ಹಾಡು ಬರ್ತಿದೆ ತಾನೇ ಸರ್?" ಹಾಡು ಬರ್ತಿದೆ ತಾನೇ ಅಂತೆ! "90 ವೋಲ್ಟ್ ಬ್ಯಾಟರಿ ಈಗೆಲ್ಲಿ ಸಿಗುತ್ತೆ, ನಿಮಗೆ ಅನುಕೂಲ ಆಗ್ಲಿ ಅಂತ ಮಾಡಿದ್ದು" ಅಂತ ಬೇರೆ. 9 ವೋಲ್ಟಿನದು ಹತ್ತು ಸಾಲಾಗಿ ಜೋಡಿಸಿದರೆ 90 ಆಗುತ್ತೆ ಕಣಯ್ಯಾ, ಯಾರಿಗೆ ಹೇಳ್ತೀಯ? ವಾಲ್ವ್ ಬಗ್ಗೆ ಕೇಳಿದ್ದಕ್ಕೆ "ನೀವೇ ಸುಟ್ಟಿರ್ತೀರಿ" ಅಂದ. ಆಮೇಲೆ ಬ್ಲಾಕ್. ಈಗ ಇನ್ನೊಂದು ಸೆಟ್ ಮಾರಾಟಕ್ಕೆ ಇಟ್ಟಿದ್ದಾನೆ.

ನೆನಪಿಡಿ, ಡಿಕೆ96, ಡಿಎಲ್96 ತರಹದ ಬ್ಯಾಟರಿ ವಾಲ್ವಿನ ಫಿಲಮೆಂಟ್ ಬರೀ 1.4 ವೋಲ್ಟಿನದು. ಕತ್ತಲಲ್ಲೂ ಅದರ ಬೆಳಕು ಕಾಣೋದು ಕಷ್ಟ. ಕೆಂಪಗೆ ಝಗಮಗ ಅಂದರೆ ಮೋಸ. ಬಿಸಿಯಾಗೋಕೆ ಅರ್ಧ ನಿಮಿಷ ಅನ್ನೋದೂ ಸುಳ್ಳು, ಇವು ಸ್ವಿಚ್ ಹಾಕಿದ ತಕ್ಷಣ ಶುರುವಾಗುತ್ತವೆ. ಮುಚ್ಚಳ ತೆಗೆದು, ಮೀಡಿಯಂ ವೇವಿನಲ್ಲಿ (ಧಾರವಾಡ ಬರೋ ಬ್ಯಾಂಡ್, ಎಫ್‌ಎಂ ಅಲ್ಲ) ಸ್ಟೇಷನ್ ಬದಲಿಸಿ ತೋರಿಸು ಅನ್ನಿ. "ನಾಳೆ ತೋರಿಸ್ತೀನಿ ಸರ್" ಅಂದರೆ ಆ ನಂಬರ್ ಅಲ್ಲೇ ಡಿಲೀಟ್ ಮಾಡಿ.