ಮುತ್ತಜ್ಜಿಯ ಹೆಸರು ಕೊಟ್ಟದ್ದು ವಾರಸಾ ದಾಖಲೆ: ವಂಶ ಹುಡುಕುವ ನಾಲ್ಕು ದಾರಿಗಳ ಹೋಲಿಕೆ

ಮನೆತನದ ಹಿಂದಿನ ತಲೆಮಾರುಗಳನ್ನು ಹುಡುಕಲು ನಾನು ಹಿಡಿದ ದಾರಿಗಳಲ್ಲಿ ಹೆಚ್ಚು ದುಡ್ಡು ತಿಂದದ್ದು ಡಿಎನ್‌ಎ ಪರೀಕ್ಷೆ. ಹೆಚ್ಚು ಹೆಸರುಗಳನ್ನು ಕೊಟ್ಟದ್ದು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿರುವ ವಾರಸಾ ನೋಂದುಗಳು, ಅಂದರೆ ಹೊಲದ ವಾರಸುದಾರರ ದಾಖಲೆಗಳು. ಊರೂರು ತಿರುಗಿ ವಂಶಾವಳಿ ಹೇಳುವ ಹೆಳವರ ಹೊತ್ತಿಗೆಯ ಮೇಲೆ ನನಗೆ ಅಪಾರ ಗೌರವವಿದೆ, ಆದರೂ ನನ್ನ ಮೊದಲ ಆಯ್ಕೆ ಸರ್ಕಾರದ ಆ ಧೂಳು ಹಿಡಿದ ರಿಜಿಸ್ಟರೇ. ನಮ್ಮದು ಧಾರವಾಡ ಜಿಲ್ಲೆಯ ಒಕ್ಕಲುತನದ ಮನೆ. ಹೀಗಾಗಿ ಇಲ್ಲಿರುವುದು ಹಿಂದಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಭಾಗದ ಅನುಭವ. ಹಳೆ ಮೈಸೂರಿನಲ್ಲಿ ದಾಖಲೆಗಳ ಹೆಸರೂ ಆಳವೂ ಬೇರೆ.

ಡಿಎನ್‌ಎ ವಿಷಯವನ್ನು ಬೇಗ ಮುಗಿಸುತ್ತೇನೆ. ಕೊಳವೆಯಲ್ಲಿ ಉಗುಳು ತುಂಬಿ ಕಳಿಸಿದ ಮೇಲೆ ಒಂದು ನಕ್ಷೆ ಮತ್ತು ಕೆಲವು ಶೇಕಡಾವಾರು ಅಂಕಿಗಳು ಬಂದವು. ಅದರಲ್ಲಿ ಹೆಸರಿಲ್ಲ, ಊರಿಲ್ಲ, ಇಸವಿಯಿಲ್ಲ. ದೂರದ ಬಂಧುಗಳನ್ನು ಗುರುತಿಸುವ ಸೌಲಭ್ಯವಿದೆ ನಿಜ, ಆದರೆ ಅವರೂ ಅದೇ ಕಂಪನಿಗೆ ಮಾದರಿ ಕೊಟ್ಟಿರಬೇಕು. ನಮ್ಮ ದಾಯಾದಿಗಳಲ್ಲಿ ಯಾರೂ ಕೊಟ್ಟಿಲ್ಲ. 2025ರ ಮಾರ್ಚ್‌ನಲ್ಲಿ ಅಮೆರಿಕದ ಟ್ವೆಂಟಿಥ್ರೀ ಆಂಡ್ ಮಿ ಕಂಪನಿ ದಿವಾಳಿ ಅರ್ಜಿ ಹಾಕಿದಾಗ, ಗ್ರಾಹಕರ ವಂಶವಾಹಿ ಮಾಹಿತಿ ಮುಂದೆ ಯಾರ ಕೈಸೇರುತ್ತದೆ ಎಂಬ ಪ್ರಶ್ನೆ ಎದ್ದಿತು. ಆ ಆತಂಕವನ್ನು ನಾನು ಸಣ್ಣದೆಂದು ತಳ್ಳಿಹಾಕುವುದಿಲ್ಲ.

ಕ್ಷೇತ್ರ ಪುರೋಹಿತರ ವಹಿಗಳು ಅದ್ಭುತವಾದ ಸಂಗ್ರಹ. ಹರಿದ್ವಾರ, ಗಯೆ, ಕಾಶಿ, ತ್ರ್ಯಂಬಕೇಶ್ವರಗಳಲ್ಲಿ ಯಾತ್ರಿಕರ ಊರು, ಕುಲ, ತಂದೆ, ಅಜ್ಜಂದಿರ ಹೆಸರುಗಳನ್ನು ತಲೆತಲಾಂತರದಿಂದ ಬರೆದಿಟ್ಟಿದ್ದಾರೆ. ಪೂರ್ವಿಕರಲ್ಲಿ ಯಾರಾದರೂ ಅಲ್ಲಿಗೆ ಹೋಗಿದ್ದರೆ ಮಾತ್ರ ಅದರಿಂದ ಪ್ರಯೋಜನ. ಕಾಶಿಯಲ್ಲಿ ನಮ್ಮ ಭಾಗದ ಯಾತ್ರಿಕರ ಪುರೋಹಿತರನ್ನು ಹುಡುಕಿದಾಗ ನಮ್ಮೂರಿನ ಬೇರೆ ಮನೆತನಗಳು ಸಿಕ್ಕವು, ನಮ್ಮದು ಸಿಗಲಿಲ್ಲ.

ಇನ್ನು ವಾರಸಾ ದಾಖಲೆ. ಹೊಲದ ಮಾಲೀಕ ತೀರಿಕೊಂಡಾಗ ಅವನ ವಾರಸುದಾರರ ಹೆಸರನ್ನು ಹಕ್ಕು ಬದಲಾವಣೆಯ ರಿಜಿಸ್ಟರಿನಲ್ಲಿ ನಮೂದಿಸುತ್ತಾರೆ. ಹಳೆ ಮೈಸೂರಿನ ಕಡೆ ಇದನ್ನೇ ಪೌತಿ ಖಾತೆ ಎನ್ನುತ್ತಾರೆ. ಮುಂಬಯಿ ಪ್ರಾಂತ್ಯದಲ್ಲಿ ಹಕ್ಕು ದಾಖಲೆಗೆಂದೇ 1903ರಲ್ಲಿ ಕಾಯ್ದೆ ಬಂತು. ಇಂದಿನ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿನ ಜೊತೆಗೆ ಮ್ಯುಟೇಶನ್ (ಹಕ್ಕು ಬದಲಾವಣೆ) ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಆ ನೋಂದನ್ನು ತೆಗೆಸಿದರೆ ಹಿಂದಿನ ಮಾಲೀಕ ಸಿಗುತ್ತಾನೆ, ಅವನ ಹೆಸರು ಸೇರಿದ ನೋಂದನ್ನು ತೆಗೆಸಿದರೆ ಅವನ ತಂದೆ. ಭೂಮಿ ಯೋಜನೆಯ ಗಣಕೀಕರಣ 2000ದ ಆಸುಪಾಸಿನದು; ಅದಕ್ಕಿಂತ ಹಿಂದಿನ ನೋಂದುಗಳೆಲ್ಲ ಕೈಬರಹದವು. ರೆಕಾರ್ಡ್ ರೂಮಿಗೆ ನಕಲು ಅರ್ಜಿ ಕೊಟ್ಟು ಕಾಯಬೇಕು. ಈಗ ಭೂ ಸುರಕ್ಷಾ ಯೋಜನೆಯಲ್ಲಿ ಈ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನನ್ನಂಥವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ನನಗೆ ಈ ದಾಖಲೆ ಇಷ್ಟು ಪ್ರಿಯವಾಗಲು ಕಾರಣ ನನ್ನ ಮುತ್ತಜ್ಜಿ. ಮನೆಯಲ್ಲಿ ಯಾರಿಗೂ ಅವಳ ಹೆಸರು ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ‘ದೊಡ್ಡ ಮನಿ ಆಯಿ’. 1918ರ ಕೊನೆಯಲ್ಲಿ ಇನ್‌ಫ್ಲುಯೆಂಜಾ ಮುಂಬಯಿ ಪ್ರಾಂತ್ಯವನ್ನು ಬಡಿದು ಹೋದ ನಂತರದ ಪುಟಗಳಲ್ಲಿ ವಾರಸಾ ನೋಂದುಗಳು ಒತ್ತೊತ್ತಾಗಿ ಬಂದಿವೆ. ಅಲ್ಲಿ ನನ್ನ ಮುತ್ತಜ್ಜ ಮತ್ತು ಅವನ ತಮ್ಮ ಇಬ್ಬರ ಸಾವೂ ಒಂದೇ ಪುಟದಲ್ಲಿದೆ. ಕೆಳಗೆ ಇಬ್ಬರು ‘ಅಜ್ಞಾನ’ (ಅಪ್ರಾಪ್ತ ವಯಸ್ಸಿನ) ಮಕ್ಕಳ ಹೆಸರು, ಅವರ ಪಾಲಕಿಯಾಗಿ ತಾಯಿ: ಗಂಗವ್ವ ಕೋಂ ಬಸಪ್ಪ, ಅಂದರೆ ಬಸಪ್ಪನ ಹೆಂಡತಿ ಗಂಗವ್ವ. ಗಂಡ ಬದುಕಿದ್ದರೆ, ಮಕ್ಕಳು ವಯಸ್ಸಿಗೆ ಬಂದಿದ್ದರೆ ಅವಳ ಹೆಸರು ಈ ಕಾಗದಕ್ಕೆ ಬರುತ್ತಲೇ ಇರಲಿಲ್ಲ. ಆ ಕಾಲದ ಹೊಲದ ಕಾಗದಗಳಲ್ಲಿ ಹೆಣ್ಣುಮಕ್ಕಳು ಹೆಚ್ಚಾಗಿ ಕಾಣಿಸುವುದು ಹೀಗೆ, ವಿಧವೆಯಾಗಿ ಅಥವಾ ಪಾಲಕಿಯಾಗಿ. ಆ ಸಾಲನ್ನು ಓದಿದ ಮೇಲೆ ಉಳಿದ ದಾರಿಗಳನ್ನು ನಾನು ಇದರ ಅಳತೆಯಲ್ಲೇ ನೋಡುತ್ತಿದ್ದೇನೆ.

ತೊಡಕೂ ಇದೆ, ಸಣ್ಣದಲ್ಲ. ನಮ್ಮ ಕಡೆ ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ. ಆದ್ದರಿಂದ ಕಾಗದದಲ್ಲಿ ಬಸಪ್ಪ ಬಿನ್ ಕಲ್ಲಪ್ಪ (ಕಲ್ಲಪ್ಪನ ಮಗ ಬಸಪ್ಪ), ಅವನ ಹಿಂದೆ ಕಲ್ಲಪ್ಪ ಬಿನ್ ಬಸಪ್ಪ, ಅವನ ಹಿಂದೆ ಮತ್ತೆ ಬಸಪ್ಪ ಬಿನ್ ಕಲ್ಲಪ್ಪ. ಸರಣಿ ಎಲ್ಲೂ ಹರಿಯದಿದ್ದರೆ ತೊಂದರೆಯಿಲ್ಲ. ನಡುವಿನ ಒಂದು ರಿಜಿಸ್ಟರಿಗೆ ಗೆದ್ದಲು ಹಿಡಿದಿದ್ದರೆ, ಅದರ ಆಚೆ ಕಾಣುವ ಬಸಪ್ಪ ನಮಗೆ ಗೊತ್ತಿರುವ ಬಸಪ್ಪನೋ ಅವನ ಅಜ್ಜನೋ ಎಂದು ಹೇಳಲು ಆಗುವುದಿಲ್ಲ. ಎರಡು ತಲೆಮಾರು ಸದ್ದಿಲ್ಲದೆ ಮಾಯವಾಗುತ್ತವೆ.

ಅಣ್ಣತಮ್ಮಂದಿರು ಇಬ್ಬರೂ ತಮ್ಮ ಹಿರಿಮಗನಿಗೆ ಅದೇ ಅಜ್ಜನ ಹೆಸರಿಟ್ಟಾಗ ಇದು ಇನ್ನೂ ಗೋಜಲಾಗುತ್ತದೆ. ಒಂದೇ ಊರು, ಒಂದೇ ಅಡ್ಡಹೆಸರು, ಒಂದೇ ವಯಸ್ಸಿನ ಇಬ್ಬರು ಬಸಪ್ಪಂದಿರು. ಬೇರ್ಪಡಿಸಲು ತಂದೆಯ ಹೆಸರೊಂದೇ ಆಸರೆ. ಅವರಲ್ಲಿ ಒಬ್ಬ ದತ್ತಕ ಹೋದರೆ ತಂದೆಯ ಹೆಸರೂ ಬದಲಾಗುತ್ತದೆ. ಇದರ ಮೇಲೆ, ಒಟ್ಟು ಕುಟುಂಬದ ಹೊಲ ಎಷ್ಟೋ ಕಡೆ ಮನೆಯ ಹಿರಿಯನೊಬ್ಬನ ಹೆಸರಿನಲ್ಲೇ ಇರುತ್ತಿತ್ತು. ಅವನ ತಮ್ಮಂದಿರು ಉತ್ತು ಬಿತ್ತಿ ಸತ್ತರೂ ಕಾಗದಕ್ಕೆ ಅವರ ಗುರುತಿಲ್ಲ.

ನಾನು ಕಂಡುಕೊಂಡ ಉಪಾಯ ಒಂದೇ: ಹೆಸರಿನ ಬೆನ್ನು ಹತ್ತಬಾರದು, ಸರ್ವೆ ನಂಬರಿನ ಬೆನ್ನು ಹತ್ತಬೇಕು. ಮನುಷ್ಯರ ಹೆಸರು ಮರುಕಳಿಸುತ್ತದೆ, ಹೊಲದ ನಂಬರು ಮರುಕಳಿಸುವುದಿಲ್ಲ. ಹೊಲ ಒಡೆದು ಹಿಸ್ಸೆಗಳಾದ ಜಾಗದಲ್ಲಿ ನಿಲ್ಲಬೇಕು. ಅಲ್ಲಿ ವಾಟ್ನಿಯ (ಪಾಲು ಹಂಚಿಕೆಯ) ನೋಂದು ಇರುತ್ತದೆ, ಅದರಲ್ಲಿ ಅಷ್ಟು ಅಣ್ಣತಮ್ಮಂದಿರೂ ಒಟ್ಟಿಗೆ ಕಾಣುತ್ತಾರೆ. ಪ್ರತಿ ಹಿಸ್ಸೆಗೂ ಬೇರೆ ಹಾಳೆ ಮಾಡಿಕೊಂಡು ಹಿಂದಕ್ಕೆ ಹೋದ ಮೇಲೆಯೇ ನಮ್ಮ ಇಬ್ಬರು ಬಸಪ್ಪಂದಿರು ಬೇರೆಯಾದರು.

1903ಕ್ಕಿಂತ ಹಿಂದೆ ಸಾಗಿದಂತೆ ಕೆಲವು ಕಾಗದಗಳು ಮೋಡಿ ಲಿಪಿಯವು, ಅಂದರೆ ಮರಾಠಿ ಬರೆಯಲು ಬಳಸುತ್ತಿದ್ದ ಹಳೆಯ ಕೂಡುಬರಹದವು. ಇ, ಉ ಸ್ವರಗಳಲ್ಲಿ ಹ್ರಸ್ವ ದೀರ್ಘದ ಭೇದವನ್ನು ಅದು ತೋರಿಸುವುದಿಲ್ಲ. ಓದಲು ಬಲ್ಲವರ ನೆರವು ಬೇಕೇಬೇಕು.

ಹೆಳವರ ಹೊತ್ತಿಗೆ ಇಲ್ಲಿಂದ ಮುಂದೆ ಕೈಹಿಡಿಯುತ್ತದೆ. ಎತ್ತಿನೊಂದಿಗೆ ಊರೂರು ತಿರುಗಿ, ತಮಗೆ ಹಂಚಿಕೆಯಾದ ಮನೆತನಗಳ ಬಾಗಿಲಲ್ಲಿ ನಿಂತು ವಂಶಾವಳಿಯನ್ನು ಹಾಡಿದಂತೆ ಒಪ್ಪಿಸುವ ಇವರು ಉತ್ತರ ಕರ್ನಾಟಕದ ಜೀವಂತ ದಫ್ತರ. ನಮ್ಮ ಮನೆಯ ಹೆಳವರು ಹೊಲದ ಕಾಗದ ನಿಂತ ಜಾಗವನ್ನು ದಾಟಿ ಹೋದರು. ನಮ್ಮವರು ಈ ಊರಿಗೆ ಬಂದದ್ದು ಮಲಪ್ರಭೆಯ ದಂಡೆಯಿಂದ ಎಂದರು. ಯಾವ ಉತಾರವೂ ಈ ಮಾತನ್ನು ಹೇಳುವುದಿಲ್ಲ. ದತ್ತಕದ ಗಂಟನ್ನು ಬಿಡಿಸಿದವರೂ ಅವರೇ. “ಆ ಕಲ್ಲಪ್ಪ ಸೋದರಮಾವನ ಮನಿಗೆ ದತ್ತಕ ಹೋದಾಂವ ಯಪ್ಪಾ, ಅವನ ಸಾಲು ಬ್ಯಾರೆ ಹಾಳ್ಯಾಗ ಐತಿ,” ಎಂದು ಪುಟ ತಿರುಗಿಸಿ ತೋರಿಸಿದರು.

ಹಾಗಿದ್ದೂ ನಾನು ಅದನ್ನು ಎರಡನೆಯ ಸ್ಥಾನದಲ್ಲಿ ಇಡುತ್ತೇನೆ. ಇಸವಿಗಳಿಲ್ಲ. ಅವರು ಓದಿದ ಸಾಲಿನಲ್ಲಿ ಗಂಡುಮಕ್ಕಳೇ ಇದ್ದರು, ಗಂಗವ್ವ ಇರಲಿಲ್ಲ. ಮಕ್ಕಳಿಲ್ಲದೆ ತೀರಿಕೊಂಡ ತಮ್ಮನೂ ಇರಲಿಲ್ಲ. ಅವರು ಬರುವುದು ಸುಗ್ಗಿಯ ನಂತರ, ಅದೂ ಕೆಲವು ವರ್ಷಗಳಿಗೊಮ್ಮೆ. ಹುಬ್ಬಳ್ಳಿಯಲ್ಲಿ ನೌಕರಿ ಮಾಡುವ ನನಗೆ ಆ ದಿನ ಊರಲ್ಲಿರುವುದು ಕಷ್ಟ. ರೆಕಾರ್ಡ್ ರೂಮಿಗಾದರೆ ಅರ್ಧ ದಿನದ ರಜೆ ಸಾಕು.

ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರವನ್ನು ಈ ಸಾಲಿಗೆ ಸೇರಿಸಿಲ್ಲ. ನಾವು ಕೊಟ್ಟ ಹೆಸರುಗಳನ್ನು ವಿಚಾರಣೆ ಮಾಡಿ ಕೊಡುವ ಪತ್ರ ಅದು. ಆಸ್ತಿ ವರ್ಗಾವಣೆಗೆ ಬೇಕು, ಹುಡುಕಾಟಕ್ಕಲ್ಲ.

ಹೊಲವಿಲ್ಲದ ಮನೆತನಗಳಿಗೆ ನನ್ನ ಆಯ್ಕೆ ಒಗ್ಗುವುದಿಲ್ಲ, ಇದನ್ನು ನೋವಿನಿಂದಲೇ ಹೇಳಬೇಕು. ಆದರೆ ಗೇಣಿ ಮಾಡಿದವರಾಗಿದ್ದರೆ 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಭೂ ನ್ಯಾಯಮಂಡಳಿಗೆ ಸಲ್ಲಿಸಿದ ನಮೂನೆ 7ರ ಅರ್ಜಿಗಳನ್ನು ಹುಡುಕಿಸಿ. ಯಾರು ಯಾವ ಹೊಲ ಉಳುತ್ತಿದ್ದರು ಎಂಬುದು ಆ ಕಡತಗಳಲ್ಲಿದೆ. ಊರಿನ ಹಳೆಯ ಶಾಲೆಯ ದಾಖಲಾತಿ ಪುಸ್ತಕವನ್ನೂ ಬಿಡಬೇಡಿ. ತಂದೆಯ ಹೆಸರು, ಜನ್ಮದಿನಾಂಕ ಒಂದೇ ಸಾಲಿನಲ್ಲಿ ಸಿಗುತ್ತವೆ.

ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ನಾನು ಅದನ್ನು ಪೂರ್ತಿ ನಕಲು ಪ್ರತಿಗಳಿಗೆ ಖರ್ಚು ಮಾಡುತ್ತೇನೆ. ಡಿಎನ್‌ಎಗೆ ಕೊಟ್ಟ ಮೊತ್ತದಲ್ಲಿ ನಮ್ಮ ಎಲ್ಲ ಸರ್ವೆ ನಂಬರುಗಳ ಹಳೆಯ ನೋಂದುಗಳನ್ನು ತೆಗೆಸಿ ಹಣ ಉಳಿಯುತ್ತಿತ್ತು. ಹೆಳವರು ಬಂದಾಗ ಜೋಳದ ಚೀಲ, ಒಂದಿಷ್ಟು ರೊಕ್ಕ ತೆಗೆದಿಡುವಂತೆ ಊರಿನ ಚಿಕ್ಕಪ್ಪನಿಗೆ ಹೇಳಿದ್ದೇನೆ. ಈ ಸಲ ಅವರು ಹೊಸ ಹೆಸರುಗಳನ್ನು ಬರೆದುಕೊಳ್ಳುವಾಗ ಮನೆಯ ಹೆಣ್ಣುಮಕ್ಕಳ, ಸೊಸೆಯಂದಿರ ಹೆಸರುಗಳನ್ನೂ ಬರೆಸಬೇಕೆಂದು ಒಂದು ಪಟ್ಟಿ ಮಾಡಿ ಚಿಕ್ಕಪ್ಪನ ಕೈಗೆ ಕೊಟ್ಟಿದ್ದೇನೆ.