ಸಣ್ಣ ಪೆಡಲ್‌ಬೋರ್ಡ್‌ಗೆ ಯಾವ ಪವರ್ ಸಪ್ಲೈ? ಬೆಳಗಾವಿಯಲ್ಲಿ ನುಡಿಸಿ ನೋಡಿದ ಹೋಲಿಕೆ

ಗಿಟಾರಿನ ಸದ್ದನ್ನು ಬದಲಿಸುವ, ಕಾಲಲ್ಲಿ ಒತ್ತುವ ಸಣ್ಣ ಪೆಟ್ಟಿಗೆಗಳೇ ಪೆಡಲ್‌ಗಳು. ಅಂಥ ನಾಲ್ಕೈದನ್ನು ಜೋಡಿಸಿದ ಬೋರ್ಡ್‌ನಲ್ಲಿ ಕರೆಂಟು ಸಾಲದೆ ಬರುವ ತೊಂದರೆ ಕಡಿಮೆ. ಜಾಸ್ತಿ ಕಾಡುವುದು ಸದ್ದು. ಗುಂಯ್ ಅನ್ನುವ ಹಮ್, ಅದರ ಮೇಲೆ ಸಣ್ಣಗೆ ಕೀಂ ಅನ್ನುವ ಸಿಳ್ಳೆ. ಆದ್ದರಿಂದ ಡಬ್ಬಿಯ ಮೇಲೆ ಎಷ್ಟು ಆಂಪ್ ಬರೆದಿದೆ ಎಂದು ನೋಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನನ್ನ ಡಿಜಿಟಲ್ ಪೆಡಲ್ ಉಳಿದವುಗಳ ಜೊತೆ ಒಂದೇ ವೈರಿನಿಂದ ಕರೆಂಟು ಕುಡಿಯುತ್ತಿದೆಯಾ? ಬ್ಯಾಟರಿ, ಡೇಸಿ ಚೈನ್ (ಒಂದೇ ಅಡಾಪ್ಟರಿನಿಂದ ಎಲ್ಲ ಪೆಡಲ್‌ಗೂ ಹೋಗುವ ವೈರು), ಪವರ್ ಬ್ಯಾಂಕ್, ಅಗ್ಗದ ಬ್ರಿಕ್ (ಹಲವು ಔಟ್‌ಪುಟ್‌ಗಳಿರುವ ಡಬ್ಬಿ), ನಿಜವಾದ ಐಸೊಲೇಟೆಡ್ ಸಪ್ಲೈ (ಪ್ರತಿ ಔಟ್‌ಪುಟ್ ಬೇರೆ ಬೇರೆಯಾಗಿರುವುದು), ಇವೆಲ್ಲವನ್ನೂ ಒಂದೇ ಬೋರ್ಡ್‌ಗೆ ಹಾಕಿ ನುಡಿಸಿದ ಮೇಲೆ ನನಗೆ ಉಳಿದದ್ದು ಈ ಒಂದೇ ಪ್ರಶ್ನೆ.

ಬೋರ್ಡ್ ಹೀಗಿದೆ: ಬಾಸ್ ಟಿಯು-3 ಟ್ಯೂನರ್, ಸ್ವರವನ್ನು ‘ವಾ ವಾ’ ಅನ್ನಿಸುವ ಡನ್‌ಲಪ್ ಕ್ರೈ ಬೇಬಿ ವಾ, ಸದ್ದನ್ನು ಹಿಗ್ಗಿಸಿ ಒಡೆಯುವ ಐಬನೀಜ್ ಟಿಎಸ್9 ಓವರ್‌ಡ್ರೈವ್, ಸ್ವರವನ್ನು ಸ್ವಲ್ಪ ತಡವಾಗಿ ಮತ್ತೆ ಕೇಳಿಸುವ ಬಾಸ್ ಡಿಡಿ-8 ಡಿಲೇ, ಕೊನೆಗೆ ದೊಡ್ಡ ಕೋಣೆಯ ಗುಂಗು ಕೊಡುವ ಬಾಸ್ ಆರ್‌ವಿ-6 ರಿವರ್ಬ್. ಕೊನೆಯ ಎರಡು ಡಿಜಿಟಲ್. ಎಲ್ಲವೂ 9 ವೋಲ್ಟ್ ಡಿಸಿ, ಎಲ್ಲದರಲ್ಲೂ ನಡುವಿನ ಪಿನ್ ನೆಗೆಟಿವ್. ಟ್ಯೂನರ್ ಎಳೆಯುವುದು 30 ಮಿಲಿಆಂಪ್. ವಾ ಮತ್ತು ಓವರ್‌ಡ್ರೈವ್ ಎರಡೂ ಸೇರಿ ಹತ್ತರ ಆಸುಪಾಸು. ಡಿಲೇ 65, ರಿವರ್ಬ್ 95. ಕೂಡಿದರೆ 200 ಮಿಲಿಆಂಪ್ ಸುತ್ತಮುತ್ತ. ಬಾಸ್‌ನವರ ಈಗಿನ ಒಂದು ಸಾದಾ ಅಡಾಪ್ಟರ್ 500 ಕೊಡುತ್ತದೆ. ಅಂದರೆ ಲೆಕ್ಕದ ಪ್ರಕಾರ ಒಂದೇ ಅಡಾಪ್ಟರ್ ಇಡೀ ಬೋರ್ಡನ್ನು ಹೊರಬಲ್ಲದು. ಲೆಕ್ಕ ಸರಿಯಾಗಿದ್ದರೂ ಸದ್ದು ಯಾಕೆ ಬರುತ್ತದೆ ಅನ್ನುವುದೇ ಇಲ್ಲಿಯ ವಿಷಯ.

ನುಡಿಸಿದ ಜಾಗಗಳನ್ನೂ ಹೇಳಬೇಕು. ಒಂದು, ಟಿಳಕವಾಡಿಯಲ್ಲಿ ಗೆಳೆಯನ ಪ್ರಾಕ್ಟೀಸ್ ರೂಮು. ವೈರಿಂಗ್ ಹೊಸದು, ಅರ್ಥಿಂಗ್ ಚೆನ್ನಾಗಿದೆ. ಇನ್ನೊಂದು, ಶಹಾಪುರದ ಒಂದು ಹಳೇ ಮನೆ. ಅಲ್ಲಿ ಮೂರು ಪಿನ್ನಿನ ಸಾಕೆಟ್ ಇದೆ, ಆದರೆ ಅರ್ಥ್ ತಂತಿ ಎಲ್ಲಿ ಹೋಗಿದೆ ಎಂದು ಮನೆಯವರಿಗೂ ಗೊತ್ತಿಲ್ಲ. ಮೂರನೆಯದು ಗಣಪತಿ ಮಂಟಪದ ಪಕ್ಕದ ಸ್ಟೇಜು. 1905ರಲ್ಲಿ ಲೋಕಮಾನ್ಯ ಟಿಳಕರು ಝೆಂಡಾ ಚೌಕದಲ್ಲಿ ಶುರುಮಾಡಿದ ಸಾರ್ವಜನಿಕ ಗಣೇಶೋತ್ಸವ ಈಗ ಬೆಳಗಾವಿಯ ಗಲ್ಲಿಗಲ್ಲಿಯಲ್ಲೂ ಇದೆ. ಆರ್ಕೆಸ್ಟ್ರಾದಲ್ಲಿ ನುಡಿಸುವವರಿಗೆ ಅದೇ ಸುಗ್ಗಿ. ಅಲ್ಲಿ ದೀಪದ ಸರ, ಆಂಪ್ಲಿಫೈಯರ್, ಫ್ಯಾನು ಎಲ್ಲವೂ ಒಂದೇ ಲೈನಿನಲ್ಲಿರುತ್ತವೆ, ಕರೆಂಟು ಹೋದರೆ ಜನರೇಟರ್. ಸಪ್ಲೈಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ.

ಸದ್ದಿನ ವಿಷಯದಲ್ಲಿ ಬ್ಯಾಟರಿಯನ್ನು ಮೀರಿಸಿದ್ದು ಯಾವುದೂ ಇಲ್ಲ. ಒಂದೊಂದು ಪೆಡಲ್‌ಗೆ ಒಂದೊಂದು 9 ವೋಲ್ಟ್ ಬ್ಯಾಟರಿ ಹಾಕಿದಾಗ ಶಹಾಪುರದ ಮನೆಯಲ್ಲೂ ಬೋರ್ಡಿನಿಂದ ಬರುವ ಸದ್ದು ಇರಲಿಲ್ಲ. ಪ್ರತಿ ಪೆಡಲ್ ತನ್ನಷ್ಟಕ್ಕೆ ತಾನು, ಮೇನ್ಸ್‌ನ ಸೋಂಕಿಲ್ಲ. ಆದರೆ ಒಂದು ಆಲ್ಕಲೈನ್ ಬ್ಯಾಟರಿಯ ಶಕ್ತಿ 500 ಮಿಲಿಆಂಪ್-ಅವರ್ ಸುಮಾರು. ಓವರ್‌ಡ್ರೈವ್‌ಗೆ ಅದು ವಾರಗಟ್ಟಲೆ ಬರುತ್ತದೆ, ರಿವರ್ಬ್‌ಗೆ ಒಂದು ಕಾರ್ಯಕ್ರಮ ದಾಟಿಸುವುದೇ ಕಷ್ಟ. ಇನ್‌ಪುಟ್‌ಗೆ ಕೇಬಲ್ ಚುಚ್ಚಿಟ್ಟರೆ ಪೆಡಲ್ ಆಫ್ ಇದ್ದರೂ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ, ಅದು ನೆನಪಿರಲಿ. ನನ್ನ ಮಟ್ಟಿಗೆ ಬ್ಯಾಟರಿ ಇಂದಿಗೂ ಬೇಕಾಗುವುದು ಹಳೇ ಮಾದರಿಯ ಜರ್ಮೇನಿಯಂ ಟ್ರಾನ್ಸಿಸ್ಟರಿನ ಫಜ್‌ಗೆ, ಅಂದರೆ ಸದ್ದನ್ನು ಒರಟಾಗಿ ಒಡೆಯುವ ಪೆಡಲ್‌ಗೆ. ಅವುಗಳಲ್ಲಿ ಎಷ್ಟೋ ಪೆಡಲ್‌ಗಳು ಪಾಸಿಟಿವ್ ಗ್ರೌಂಡ್, ಅಂದರೆ ಗ್ರೌಂಡಿಗೆ ಸೇರಿರುವುದು ಪಾಸಿಟಿವ್ ತುದಿ. ಉಳಿದವುಗಳ ಜೊತೆ ಒಂದೇ ಚೈನಿಗೆ ಸೇರಿಸಿದರೆ ಸೀದಾ ಶಾರ್ಟ್ ಆಗುತ್ತದೆ. ಅದಕ್ಕೆ ಬ್ಯಾಟರಿ ಹಾಕಿ ಬಿಟ್ಟರೆ ನೆಮ್ಮದಿ.

ಡೇಸಿ ಚೈನ್ ನಮ್ಮಲ್ಲಿ ಹೆಚ್ಚಿನವರ ಮೊದಲ ಆಯ್ಕೆ. ಒಂದು ಅಡಾಪ್ಟರ್, ಒಂದು ವೈರು, ಅದರಲ್ಲಿ ಐದಾರು ಪಿನ್ನು. ಹಗುರ, ಅಗ್ಗ, ಬ್ಯಾಗಿನ ಮೂಲೆಯಲ್ಲಿ ಹಿಡಿಸುತ್ತದೆ. ಟ್ಯೂನರ್, ವಾ, ಓವರ್‌ಡ್ರೈವ್ ಈ ಮೂರಕ್ಕೆ ಮಾತ್ರ ಹಾಕಿದಾಗ ನನಗೆ ಯಾವ ದೂರೂ ಇರಲಿಲ್ಲ. ಡಿಲೇ ಸೇರಿಸಿದ ಕೂಡಲೇ ಸಿಳ್ಳೆ ಶುರು. ಓವರ್‌ಡ್ರೈವ್ ಒತ್ತಿದರೆ ಸಿಳ್ಳೆ ಇನ್ನೂ ಜೋರು. ಪ್ರಾಕ್ಟೀಸಿನಲ್ಲಿ ಕೀಬೋರ್ಡ್ ನುಡಿಸುವ ಅಣ್ಣ ತಾನು ನುಡಿಸುವುದನ್ನೇ ನಿಲ್ಲಿಸಿ, ‘ಏ, ಅದೇನೋ ಕುಂಯ್ ಅನ್ನಾಕತ್ತೈತಿ, ಮೊದ್ಲ ಅದನ್ನ ಬಂದ್ ಮಾಡ’ ಅಂದ.

ಇದು ಆಗುವುದು ಹೀಗೆ. ಡಿಜಿಟಲ್ ಪೆಡಲ್ ಒಳಗೆ ಒಂದು ಕ್ಲಾಕ್ (ಒಂದೇ ಲಯದಲ್ಲಿ ಮಿಡಿಯುವ ಸರ್ಕ್ಯೂಟು) ಓಡುತ್ತಿರುತ್ತದೆ. ಅದು ಕರೆಂಟನ್ನು ಒಂದೇ ಸಮನೆ ಎಳೆಯುವುದಿಲ್ಲ, ಸಣ್ಣ ಸಣ್ಣ ಗುಟುಕುಗಳಲ್ಲಿ ಎಳೆಯುತ್ತದೆ. ಆ ಏರಿಳಿತ ಹಂಚಿಕೊಂಡ ವೈರಿನ ಮೂಲಕ ಓವರ್‌ಡ್ರೈವ್‌ಗೆ ತಲುಪುತ್ತದೆ. ಓವರ್‌ಡ್ರೈವ್‌ನ ಕೆಲಸವೇ ಸಿಕ್ಕಿದ್ದನ್ನು ದೊಡ್ಡದು ಮಾಡುವುದು. ಜೊತೆಗೆ ಇನ್ನೊಂದು ಸಂಗತಿ ಇದೆ. ಪೆಡಲ್‌ಗಳ ಗ್ರೌಂಡು ಆಡಿಯೋ ಕೇಬಲ್ಲಿನಲ್ಲಿ ಒಮ್ಮೆ ಕೂಡುತ್ತದೆ, ಪವರ್ ವೈರಿನಲ್ಲಿ ಮತ್ತೊಮ್ಮೆ ಕೂಡುತ್ತದೆ. ಹೀಗೆ ಒಂದು ಸುತ್ತು ಆಗುತ್ತದೆ. ಗ್ರೌಂಡ್ ಲೂಪ್ ಅನ್ನುವುದು ಇದಕ್ಕೇ. ಪೆಡಲ್ ಜಾಸ್ತಿಯಾದಷ್ಟೂ ಲೂಪ್ ಜಾಸ್ತಿ. ಟಿಯು-3ರ ಹಿಂದಿರುವ ಔಟ್‌ಪುಟ್‌ನಿಂದ ಉಳಿದ ಪೆಡಲ್‌ಗೆ ಕರೆಂಟು ಕೊಡುವುದೂ ಡೇಸಿ ಚೈನೇ, ಬೇರೆ ದಾರಿ ಅಲ್ಲ.

ಈ ಚೈನಿಗೆ ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರ್ ಹಾಕುವವರು ತುಂಬಾ ಜನ ಇದ್ದಾರೆ. ದಯವಿಟ್ಟು ಬೇಡ. ವೈಫೈ ರೂಟರಿನ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವಿನ ಪಿನ್ ಪಾಸಿಟಿವ್, ಅಂದರೆ ಪೆಡಲ್‌ಗೆ ಪೂರ್ತಿ ಉಲ್ಟಾ. ಹಳೇ ಭಾರದ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗಳಲ್ಲಿ ಎಷ್ಟೋ ರೆಗ್ಯುಲೇಟೆಡ್ ಅಲ್ಲ. ಮೇಲೆ 9 ವೋಲ್ಟ್ ಎಂದು ಬರೆದಿದ್ದರೂ ಕಡಿಮೆ ಲೋಡಿನಲ್ಲಿ ಹನ್ನೆರಡರವರೆಗೂ ಏರುತ್ತವೆ, ಹಮ್ಮನ್ನೂ ಸೀದಾ ಬಿಡುತ್ತವೆ. ಚೈನೇ ಬೇಕು ಅಂದರೆ ಪೆಡಲ್‌ಗೆಂದೇ ಮಾಡಿದ, 100ರಿಂದ 240 ವೋಲ್ಟ್ ತಡೆಯುವ ಅಡಾಪ್ಟರ್ ತೆಗೆದುಕೊಳ್ಳಿ. ಟ್ರೂಟೋನ್ ಕಂಪನಿಯ 1 ಸ್ಪಾಟ್ ಈ ಬಗೆಯದು, 1700 ಮಿಲಿಆಂಪ್ ಕೊಡುತ್ತದೆ. ಮಂಟಪದಲ್ಲಿ ವೋಲ್ಟೇಜ್ ಇಳಿದು ದೀಪಗಳು ಮಂಕಾದಾಗಲೂ ಈ ಬಗೆಯ ಅಡಾಪ್ಟರ್ 9 ವೋಲ್ಟ್ ಬಿಟ್ಟು ಕದಲುವುದಿಲ್ಲ.

ಪವರ್ ಬ್ಯಾಂಕ್ ನನಗೆ ಅಚ್ಚರಿ ಕೊಟ್ಟ ಆಯ್ಕೆ. ಯುಎಸ್‌ಬಿ-ಸಿ ಪವರ್ ಬ್ಯಾಂಕಿನಿಂದ 9 ವೋಲ್ಟ್ ಕೇಳಿ ಪಡೆಯುವ ಟ್ರಿಗರ್ ಕೇಬಲ್ ಸಿಗುತ್ತದೆ. ಅದರ ತುದಿಗೆ ಡೇಸಿ ಚೈನ್ ಹಾಕಿದರೆ ಮುಗಿಯಿತು. ಮೇನ್ಸ್ ಇಲ್ಲ, ಆದ್ದರಿಂದ ಜನರೇಟರಿನ ಗೊರಗೊರ ಬೋರ್ಡಿನ ಹತ್ತಿರವೂ ಸುಳಿಯಲಿಲ್ಲ. ನಮ್ಮ ಬೋರ್ಡ್ ತಿನ್ನುವುದು ಎರಡು ವಾಟ್‌ಗಿಂತ ಕಡಿಮೆ. 10,000 ಮಿಲಿಆಂಪ್-ಅವರ್ ಪವರ್ ಬ್ಯಾಂಕಿನಲ್ಲಿ ಇರುವುದು ಸುಮಾರು 37 ವಾಟ್-ಅವರ್. ನಷ್ಟ ಕಳೆದರೂ ಇಡೀ ರಾತ್ರಿಯ ಕಾರ್ಯಕ್ರಮಕ್ಕೆ ಧಾರಾಳ. ಚೋರ್ಲಾ ಘಾಟ್ ಇಳಿದು ಗೋವಾದ ಬೀಚ್ ಶ್ಯಾಕ್‌ಗಳಲ್ಲಿ ನುಡಿಸಲು ಹೋಗುವ ನಮ್ಮ ಊರಿನ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆದರೆ ಸಿಳ್ಳೆ ಹೋಗಲಿಲ್ಲ. ಹಮ್ ಸತ್ತಿತು, ಡಿಲೇಯ ಸಿಳ್ಳೆ ಹಾಗೇ ಉಳಿಯಿತು. ಯಾಕೆಂದರೆ ಐದೂ ಪೆಡಲ್ ಮತ್ತೆ ಒಂದೇ ಗ್ರೌಂಡಿನ ಮೇಲೆ ಕೂತಿವೆ. ಮೇನ್ಸ್‌ನಿಂದ ಬರುವ ಸದ್ದು ಬೇರೆ, ಪೆಡಲ್‌ಗಳು ಒಂದಕ್ಕೊಂದು ಅಂಟಿಸುವ ಸದ್ದು ಬೇರೆ ಅನ್ನುವುದು ನನಗೆ ಕಿವಿಯಾರೆ ತಿಳಿದದ್ದು ಇಲ್ಲಿ. ಇನ್ನೆರಡು ಎಚ್ಚರಿಕೆ. ಟ್ರಿಗರ್ ಕೇಬಲ್ 9 ವೋಲ್ಟಿಗೆ ಮಾತ್ರ ಕಟ್ಟಿದ್ದಾಗಿರಲಿ. 12, 15, 20 ವೋಲ್ಟ್ ಬದಲಾಯಿಸುವ ಬಟನ್ ಇರುವುದನ್ನು ಪೆಡಲ್ ಹತ್ತಿರ ತರಬೇಡಿ, ಒಂದು ತಪ್ಪು ಒತ್ತಿಗೆ ಪೆಡಲ್ ಸುಟ್ಟುಹೋಗಬಹುದು. ಇನ್ನೊಂದು, ಲೋಡ್ ತೀರಾ ಕಡಿಮೆ ಇದ್ದರೆ ಕೆಲವು ಪವರ್ ಬ್ಯಾಂಕ್‌ಗಳು ತಾವೇ ಆಫ್ ಆಗುತ್ತವೆ. ಒಂದೇ ಓವರ್‌ಡ್ರೈವ್ ಹಾಕಿಕೊಂಡು ಕೂತರೆ ಹಾಡಿನ ನಡುವೆ ಸದ್ದೇ ನಿಂತೀತು.

ಅಗ್ಗದ ಮಲ್ಟಿ-ಔಟ್‌ಪುಟ್ ಬ್ರಿಕ್ ಬಗ್ಗೆ ನನಗೆ ಸಿಟ್ಟಿದೆ. ಎಂಟು ಹತ್ತು ಔಟ್‌ಪುಟ್, ನೀಲಿ ದೀಪಗಳು, ಮೇಲೆ ದಪ್ಪಕ್ಷರದಲ್ಲಿ ‘ಐಸೊಲೇಟೆಡ್’. ನನ್ನ ಕೈಗೆ ಬಂದ ಒಂದನ್ನು ಮಲ್ಟಿಮೀಟರ್ ಹಿಡಿದು ನೋಡಿದೆ. ಎಲ್ಲಾ ಔಟ್‌ಪುಟ್‌ಗಳ ನೆಗೆಟಿವ್ ಒಳಗೆ ಒಂದಕ್ಕೊಂದು ಸೇರಿತ್ತು. ಅಂದರೆ ಅದು ಚಂದದ ಡಬ್ಬಿಯಲ್ಲಿರುವ ಡೇಸಿ ಚೈನ್, ಅಷ್ಟೇ. ಸಿಳ್ಳೆಯೂ ಅದೇ, ದುಡ್ಡು ಮಾತ್ರ ಹೆಚ್ಚು. ನೀವೂ ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಬ್ರಿಕ್ಕನ್ನು ಪ್ಲಗ್‌ನಿಂದ ತೆಗೆಯಿರಿ, ಪೆಡಲ್ ಯಾವುದೂ ಸೇರಿಸಬೇಡಿ. ಮಲ್ಟಿಮೀಟರನ್ನು ಬೀಪ್ ಹೊಡೆಯುವ ಸ್ಥಾನಕ್ಕಿಡಿ. ಎರಡು ಬೇರೆ ಬೇರೆ ಔಟ್‌ಪುಟ್‌ಗಳ ನಡುವಿನ ಪಿನ್ನಿಗೆ ಒಂದೊಂದು ಕಡ್ಡಿ ಮುಟ್ಟಿಸಿ. ಬೀಪ್ ಬಂದರೆ ಅದು ಐಸೊಲೇಟೆಡ್ ಅಲ್ಲ. ಅಂಗಡಿಯವರು ಬೇಡ ಅಂದರೆ ಆ ಬ್ರಿಕ್ಕೂ ಬೇಡ.

ನಿಜವಾದ ಐಸೊಲೇಟೆಡ್ ಸಪ್ಲೈಯಲ್ಲಿ ಪ್ರತಿ ಔಟ್‌ಪುಟ್‌ಗೂ ಟ್ರಾನ್ಸ್‌ಫಾರ್ಮರಿನ ಬೇರೆ ಸುರುಳಿ, ಬೇರೆ ರೆಗ್ಯುಲೇಟರ್. ಒಂದರ ಗ್ರೌಂಡ್ ಇನ್ನೊಂದನ್ನು ಮುಟ್ಟುವುದಿಲ್ಲ. ಗೆಳೆಯನ ಹತ್ತಿರ ಸ್ಟ್ರೈಮನ್ ಕಂಪನಿಯ ಓಹಾಯ್ ಇದೆ, ಐದು ಔಟ್‌ಪುಟ್, ಒಂದೊಂದೂ 500 ಮಿಲಿಆಂಪ್. ನಮ್ಮ ಐದು ಪೆಡಲ್‌ಗೆ ಹೇಳಿ ಮಾಡಿಸಿದ ಹಾಗಿದೆ. ಅದನ್ನು ಸೇರಿಸಿ, ಓವರ್‌ಡ್ರೈವ್ ಪೂರ್ತಿ ತಿರುಗಿಸಿ, ಡಿಲೇ ರಿವರ್ಬ್ ಎರಡೂ ಆನ್ ಮಾಡಿದೆ. ಸಿಳ್ಳೆ ಇಲ್ಲ. ಉಳಿದದ್ದು ಓವರ್‌ಡ್ರೈವ್‌ನ ಸ್ವಂತ ಸುಯ್ ಅನ್ನುವ ಸದ್ದು ಮಾತ್ರ, ಅದು ಯಾವ ಸಪ್ಲೈ ಹಾಕಿದರೂ ಇರುತ್ತದೆ. ಡಿಲೇಯ ಬಾಲ ಕೊನೆಯವರೆಗೂ ಕೇಳಿಸಿತು. ಮೆಲ್ಲನೆಯ ಭಾವಗೀತೆಗೆ ಒಂದೊಂದೇ ಸ್ವರ ಬಿಡುವಾಗ ಇದರ ಬೆಲೆ ಗೊತ್ತಾಗುತ್ತದೆ.

ಬೆಲೆ ಅಂದರೆ ನಿಜವಾಗಿಯೂ ಬೆಲೆ. ಇಂಥ ಸಪ್ಲೈಗೆ ಒಂದು ಒಳ್ಳೆಯ ಪೆಡಲ್ಲಿನಷ್ಟು ಕೊಡಬೇಕು. ಅಮೆರಿಕದಲ್ಲಿರುವ ನೆಂಟರ ಕೈಲಿ ತರಿಸುವ ಯೋಚನೆ ಇದ್ದರೆ ಹಿಂಬದಿಯ ಬರಹ ಓದಿಸಿ. ಟೊರಾಯ್ಡ್ (ಉಂಗುರದ ಆಕಾರದ) ಟ್ರಾನ್ಸ್‌ಫಾರ್ಮರ್ ಇರುವ ಕೆಲವು ಸಪ್ಲೈಗಳು ಅಲ್ಲಿಯ 120 ವೋಲ್ಟಿಗೆ ಮಾತ್ರ ಮಾಡಿದ್ದು, ನಮ್ಮ 230ಕ್ಕೆ ಚುಚ್ಚಿದರೆ ಅಲ್ಲಿಗೇ ಮುಗಿಯಿತು. ಹಾಗೇ ಟ್ರಾನ್ಸ್‌ಫಾರ್ಮರ್ ಇರುವ ಸಪ್ಲೈಯನ್ನು ವಾ ಪೆಡಲ್ ಅಡಿಗೆ ಕಟ್ಟಬೇಡಿ. ವಾ ಒಳಗಿನ ಕಾಯಿಲ್ ಅದರ ಹಮ್ಮನ್ನು ಹಿಡಿದು ಹಾಡಿಸುತ್ತದೆ. ಬೋರ್ಡಿನ ಇನ್ನೊಂದು ತುದಿಗೆ ಸರಿಸಿದರೆ ಸಾಕು.

ಇಷ್ಟೆಲ್ಲಾ ಮಾಡಿದರೂ ಶಹಾಪುರದ ಮನೆಯಲ್ಲಿ ಹಮ್ ಪೂರ್ತಿ ಹೋಗಲಿಲ್ಲ. ಅದು ಸಪ್ಲೈಯ ತಪ್ಪಲ್ಲ. ಗಿಟಾರ್ ಹಿಡಿದು ನಿಂತಲ್ಲೇ ತಿರುಗಿ ನೋಡಿ. ಸದ್ದು ಏರಿಳಿದರೆ ಅದು ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪಿನದು. ತಂತಿ ಮುಟ್ಟಿದಾಗ ಕೈ ಜುಂ ಅಂದರೆ ಆಂಪ್ಲಿಫೈಯರ್‌ಗೆ ಅರ್ಥ್ ಇಲ್ಲ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಹಮ್ ಹೋಗಲಿ ಎಂದು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರನ್ನು ನಾನು ನೋಡಿದ್ದೇನೆ. ಹಾಗೆ ಮಾಡಿದರೆ ಜೀವಕ್ಕೇ ಅಪಾಯ. ಮಂಟಪದಲ್ಲಿ ಆಂಪ್ಲಿಫೈಯರ್‌ಗೂ ಮಿಕ್ಸರ್‌ಗೂ ಒಟ್ಟಿಗೆ ಲೈನ್ ಕೊಟ್ಟಾಗ ಬರುವ ಹಮ್ಮಿಗೆ ಡಿಐ ಬಾಕ್ಸಿನ (ಗಿಟಾರಿನ ಸಿಗ್ನಲ್ಲನ್ನು ಮಿಕ್ಸರ್‌ಗೆ ಕಳಿಸುವ ಡಬ್ಬಿಯ) ಗ್ರೌಂಡ್ ಲಿಫ್ಟ್, ಅಂದರೆ ಗ್ರೌಂಡ್ ಬಿಡಿಸುವ ಸ್ವಿಚ್ ಮದ್ದು, ಪವರ್ ಸಪ್ಲೈ ಅಲ್ಲ.

ಯಾರು ಯಾವುದನ್ನು ತೆಗೆದುಕೊಳ್ಳಬೇಕು? ಡಿಜಿಟಲ್ ಪೆಡಲ್ ಇಲ್ಲದವರಿಗೆ ಒಳ್ಳೆಯ ಅಡಾಪ್ಟರ್, ಡೇಸಿ ಚೈನ್ ಸಾಕು. ಸುಮ್ನೆ ದುಡ್ಡು ಹಾಕಬೇಡಿ. ಒಂದೋ ಎರಡೋ ಡಿಜಿಟಲ್ ಇದ್ದು ಕೈ ಬಿಗಿ ಇದ್ದರೆ, ಅನಲಾಗ್ ಪೆಡಲ್‌ಗಳಿಗೆ ಒಂದು ಅಡಾಪ್ಟರಿನ ಚೈನು, ಡಿಲೇ ಮತ್ತು ರಿವರ್ಬ್‌ಗೆ ಬೇರೆ ಅಡಾಪ್ಟರ್. ನಾನು ಈಗ ನುಡಿಸುತ್ತಿರುವುದು ಹೀಗೇ. ಓಹಾಯ್‌ಗೂ ಇದಕ್ಕೂ ಪ್ರಾಕ್ಟೀಸ್ ರೂಮಿನಲ್ಲಿ ಅಂತರ ತೀರಾ ಸಣ್ಣದು. ರೆಕಾರ್ಡಿಂಗ್ ಮಾಡುವವರು, ಗೇನ್ (ಸದ್ದನ್ನು ಹಿಗ್ಗಿಸುವ ಮಟ್ಟ) ಜಾಸ್ತಿ ಇಟ್ಟು ನುಡಿಸುವವರು ಹಣ ಕೂಡಿಸಿ ಐಸೊಲೇಟೆಡ್ಡೇ ತೆಗೆದುಕೊಳ್ಳಿ, ಈಗಿನ ಪೆಡಲ್‌ಗಿಂತ ಒಂದು ಔಟ್‌ಪುಟ್ ಜಾಸ್ತಿ ಇರಲಿ. ಗಣಪತಿ ಹಬ್ಬದ ದಿನಗಳಲ್ಲಿ ಮಾತ್ರ ನಾನು ಡಿಲೇ, ರಿವರ್ಬ್ ಎರಡನ್ನೂ ಪವರ್ ಬ್ಯಾಂಕಿಗೆ ಹಾಕಿ, ಉಳಿದ ಮೂರನ್ನು ಅಡಾಪ್ಟರಿಗೆ ಬಿಡುತ್ತೇನೆ.